ಮಾಡಗ್ಯಾಳಕ್ಕೆ ಬೇರೆ ಫಿಲ್ಮು

ಬೆಳಗಿನ ಮೊದಲ ಮೋಟಾರಿಗೆ ವಿಜಾಪುರ ಬಿಟ್ಟಾಗ ಚಳಿ ಇನ್ನೂ ಇಳಿದಿರಲಿಲ್ಲ. ಕೈಚೀಲದಲ್ಲಿ ಕ್ಯಾಮೆರಾ, ಒಂದು ಫಿಲ್ಮು ಸುರುಳಿ, ಅಕ್ಕನಿಗೆಂದು ಕಟ್ಟಿಸಿಕೊಂಡ ಪೇಢೆ ಇದ್ದವು. ಮೊದಲೆಲ್ಲ ಕ್ಯಾಮೆರಾವನ್ನು ಜನ ನೋಡಲಿ ಎಂದೇ ಹೆಗಲಿಗೆ ತೂಗುಹಾಕಿಕೊಂಡು ಹೊರಡುತ್ತಿದ್ದೆ. ಈ ಸಲ ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದ್ದೆ.

ಜತ್ತಕ್ಕೆ ಸುಮಾರು ನಲವತ್ತು ಮೈಲಿ. ತಿಕೋಟಾ ದಾಟಿದ ಮೇಲೆ ರಸ್ತೆಗಿಂತ ಧೂಳೇ ಹೆಚ್ಚು. ಪೂರ್ತಿ ಚಾರ್ಜು ಕೊಟ್ಟರೂ ನನಗೆ ಸಿಕ್ಕಿದ್ದು ಅರ್ಧ ಸೀಟು. ಉಳಿದರ್ಧದಲ್ಲಿ ಜತ್ತದ ಬಳೆ ವ್ಯಾಪಾರಿ ಹುಸೇನಸಾಬರು ಕೂತಿದ್ದರು. ಒಂದು ಕುಣಿಯಲ್ಲಿ ಗಾಡಿ ಎತ್ತಿ ಹಾಕಿದಾಗ ನನ್ನ ಚೀಲ ಉರುಳಿ, ಟವೆಲು ಬಿಚ್ಚಿ, ಕ್ಯಾಮೆರಾ ಹೊರಗೆ ಬಿತ್ತು. ಅವರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಯುದ್ಧಕ್ಕೂ ಮುಂಚಿನ ಮಡಚುವ ಕ್ಯಾಮೆರಾ ಅದು, ಸೊಲ್ಲಾಪುರದ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ಚಟ ಸುಮ್ಮನಿರಬೇಕಲ್ಲ, ಗುಂಡಿ ಒತ್ತಿ ಬಿಚ್ಚಿ ತೋರಿಸಿದೆ. ಚರ್ಮದ ತಿದಿ ಹೊರಗೆ ಬಂತು.

"ಸಣ್ಣ ಬಾಜಾಪೆಟ್ಟಿಗಿ ಇದ್ದಂಗ ಐತೆಲ್ರಿ," ಎಂದರು ಹುಸೇನಸಾಬರು. "ಯಾರ ಫೋಟೋ ತಗೀಲಿಕ್ಕ ಹೊಂಟೀರಿ?"

"ಕುರೀದು," ಎಂದೆ. ನಿಜ ಹೇಳಲು ಬಾಯಿ ಬರಲಿಲ್ಲ.

"ಚಲೋ ಆತ ಬಿಡ್ರಿ. ಕುರಿ ಆದ್ರ ನನ್ನ ಮಾರಿ ಚಂದ ಬಂದಿಲ್ಲ ಅಂತ ತಕರಾರ ತಗಿಯೂದಿಲ್ಲ."

ಅವರು ಚೇಷ್ಟೆಗೆ ಹೇಳಿದ್ದು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ನಿಜ ಇಷ್ಟು. ಹೋದ ದೀಪಾವಳಿಗೆ ಅಕ್ಕನ ಊರು ಮಾಡಗ್ಯಾಳಕ್ಕೆ ಹೋಗಿದ್ದೆ. ಅಕ್ಕನ ಮಗಳು ನೀಲವ್ವನಿಗೆ ಸೊಲ್ಲಾಪುರದ ಒಬ್ಬ ಸಾಲಿ ಮಾಸ್ತರನ ಸಂಬಂಧ ಮಾತಿಗೆ ಬಂದಿತ್ತು. ಬಂದು ನೋಡುವ ಮೊದಲು ಅವರು ಹುಡುಗಿಯ ಫೋಟೋ ಕೇಳಿದ್ದರು. ನನ್ನ ಕ್ಯಾಮೆರಾದಲ್ಲಿದ್ದದ್ದು ಆರ್ಥೋ ಎಂಬ ಹಳೆಯ ಬಗೆಯ ಫಿಲ್ಮು. ಅದಕ್ಕೆ ಕೆಂಪು ಕಾಣುವುದಿಲ್ಲ. ಹಾಗಾಗಿ ಮನೆಯಲ್ಲೇ ಕೆಂಪು ದೀಪ ಇಟ್ಟುಕೊಂಡು ತೊಳೆಯಬಹುದು, ತಟ್ಟೆಯ ನೀರಿನಲ್ಲಿ ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬಹುದು. ಆ ಸುಖಕ್ಕೆ ನಾನು ಮರುಳಾಗಿದ್ದೆ. ಎಲ್ಲ ಬಣ್ಣ ಹಿಡಿಯುವ ಪ್ಯಾನ್ ಫಿಲ್ಮನ್ನು ಗವ್ವೆನ್ನುವ ಕತ್ತಲಲ್ಲಿ ತೊಳೆಯಬೇಕು, ಅದರಲ್ಲೇನು ಮಜಾ ಎಂದು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ.

ಅಕ್ಕ ಮಗಳ ಮುಖಕ್ಕೆ ಅರಿಸಿನ ಹಚ್ಚಿ, ಕೆಂಪು ಇಳಕಲ್ ಸೀರೆ ಉಡಿಸಿ, ಬಂಗಾರದ ಗೊಂಬೆಯಂತೆ ಕರೆತಂದಳು. ಆರ್ಥೋ ಫಿಲ್ಮಿಗೆ ಕೆಂಪೆಂದರೆ ಕಪ್ಪು. ಅರಿಸಿನವೂ ಹೆಚ್ಚುಕಡಿಮೆ ಹಾಗೆಯೇ. ನನಗೆ ಇದು ಗೊತ್ತಿತ್ತು. ಆದರೆ ನನ್ನ ಜೀವವೆಲ್ಲ ಹೊರಗೆ ಕಟ್ಟಿದ್ದ ಮಾವನ, ಅಂದರೆ ಅಕ್ಕನ ಗಂಡನ, ಟಗರಿನ ಮೇಲಿತ್ತು. ಮಾಡಗ್ಯಾಳದ ಟಗರೆಂದರೆ ಎತ್ತರದ ಕಾಲು, ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು. ಬಿಸಿಲು ಇಳಿಯುವ ಮೊದಲು ಅದನ್ನು ಹಿಡಿಯಬೇಕೆಂಬ ಅವಸರದಲ್ಲಿ ಹುಡುಗಿಯನ್ನು ಒಂದೇ ಸಲಕ್ಕೆ ಮುಗಿಸಿದೆ. ಊರಿಗೆ ಬಂದು ತೊಳೆದಾಗ ಟಗರು ಅದ್ಭುತವಾಗಿ ಬಂದಿತ್ತು. ನೀಲವ್ವನ ಮುಖ ಇದ್ದಿಲಾಗಿತ್ತು, ಅರಿಸಿನ ದಪ್ಪವಾದಲ್ಲಿ ಕಲೆ ಕಲೆ. ಎರಡನ್ನೂ ಕಳಿಸಿದೆ. ಬೆಳಕು ಸಾಲಲಿಲ್ಲ ಎಂದು ಹೇಳಿಕಳಿಸಿದೆ. ಸೊಲ್ಲಾಪುರದವರು ಹುಡುಗಿ ಭಾಳ ಕಪ್ಪು ಎಂದರಂತೆ. ಈಗ ಇನ್ನೊಂದು ಸಲ ತೆಗೆಯಲು ಬಾ ಎಂದು ಅಕ್ಕ ಹೇಳಿಕಳಿಸಿದ್ದಳು.

ಜತ್ತದಲ್ಲಿ ಇಳಿದು ಚಹಾ ಕುಡಿದೆ. ಸಂಸ್ಥಾನ ಹೋಗಿ ನಾಲ್ಕೈದು ವರ್ಷವಾದರೂ ಚಹಾದಂಗಡಿಯವನು ಇನ್ನೂ 'ನಮ್ಮ ಸರಕಾರ' ಎಂದೇ ರಾಜರ ಮಾತು ಆಡುತ್ತಿದ್ದ. ಅಲ್ಲಿಂದ ಸಂತೆಯ ಮೋಟಾರು ಹಿಡಿದೆ. ಎರಡೂ ಕಡೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಬೇರೆ ದಿನವಾಗಿದ್ದರೆ ಗಾಡಿ ನಿಲ್ಲಿಸಿ ಎಂದು ಡ್ರೈವರನ ಜೀವ ತಿನ್ನುತ್ತಿದ್ದೆ.

ಅಕ್ಕ ಕಾಲಿಗೆ ನೀರು ಕೊಟ್ಟಳು. "ಬಾರೋ ತಮ್ಮಾ, ಸೊರಗೀಯಲ್ಲ," ಎಂದಳು. ಪಡಸಾಲೆಯ ಗೋಡೆಯ ಮೇಲೆ ನನ್ನ ಟಗರು ಗಾಜಿನ ಕಟ್ಟಿನೊಳಗೆ ನಿಂತಿತ್ತು. ಬಂದವರಿಗೆಲ್ಲ ಮಾವ ಅದನ್ನು ತೋರಿಸುತ್ತಾರಂತೆ. ನೀಲವ್ವನ ಫೋಟೋ ಎಲ್ಲೂ ಕಾಣಲಿಲ್ಲ.

ಆಗ ಅವಳು ಒಳಗಿನಿಂದ ಬಂದಳು. ಮುಖದ ತುಂಬ ಅರಿಸಿನ, ಗೋಡೆಗೆ ಬಳಿದಷ್ಟು ದಪ್ಪ.

"ಹ್ವಾದ ಸಲ ತೆಳ್ಳಗಾಗಿತ್ತಪಾ, ಅದಕ್ಕ ಬಣ್ಣ ಏರಲಿಲ್ಲ," ಎಂದಳು ಅಕ್ಕ. "ಅವತ್ತಿಂದ ದಿನಾ ಹಚ್ಚೀನಿ. ಬಿಸಲಿಗೆ ಬಿಟ್ಟಿಲ್ಲ, ಕುರಿ ಹಿಂದ ಕಳಿಸಿಲ್ಲ. ಕೈಕಾಲ ಬಿದ್ದು ಕೇಳಿದ ಮ್ಯಾಲೆ ಸೊಲ್ಲಾಪುರದವರು ಇನ್ನೊಂದು ಫೋಟೋ ನೋಡ್ತೀವಿ ಅಂದಾರ. ಇದೊಂದ ಸಲ ಚಲೋ ಬರೂಹಂಗ ಮಾಡು."

ನೆಲ ಬಾಯಿ ಬಿಡಬಾರದೆ ಎನಿಸಿತು. ದಾರಿಯುದ್ದಕ್ಕೂ ನಾನು ಬೇರೆಯೇ ಲೆಕ್ಕ ಹಾಕಿಕೊಂಡು ಬಂದಿದ್ದೆ: ಎಲ್ಲ ಬಣ್ಣ ಹಿಡಿಯುವ ಹೊಸ ಫಿಲ್ಮು ತಂದಿದ್ದೇನೆ, ಸುಮ್ಮನೆ ತೆಗೆದುಕೊಟ್ಟರೆ ಸರಿಹೋಗುತ್ತದೆ, ಹಳೆಯದನ್ನು ಕೆದಕುವುದು ಬೇಡ. ಆ ಹಳದಿ ಮುಖದ ಮುಂದೆ ಸುಮ್ಮನಿರಲು ಆಗಲಿಲ್ಲ.

"ಅಕ್ಕಾ, ಅರಿಷಿಣದ್ದ ತಪ್ಪಲ್ಲ, ಅಕೀದೂ ಅಲ್ಲ. ನಾ ಹಾಕಿದ ಫಿಲ್ಮ ಅರಿಷಿಣ ಕಂಡ್ರ ಕಪ್ಪ ಮಾಡತದ."

"ಅದು ನಿನಗ ಆವಾಗ ಗೊತ್ತಿತ್ತೇನು?"

"ಗೊತ್ತಿತ್ತು."

ಬೈದಿದ್ದರೆ ಬದುಕುತ್ತಿದ್ದೆ. ಅಕ್ಕ "ಏಳು, ಊಟ ಮಾಡು," ಎಂದು ಒಳಗೆ ಹೋದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಬೆಣ್ಣೆ, ಎಲ್ಲ ನನಗೆ ಇಷ್ಟವಾದವೇ.

ನೀಲವ್ವ ಕಂಬಕ್ಕೆ ಒರಗಿ ನಿಂತೇ ಇದ್ದಳು. "ಹಂಗಾದ್ರ ನಾ ಅಷ್ಟು ಕಪ್ಪಿಲ್ಲೇನ್ರಿ ಮಾಮಾ?" ಎಂದು ಕೇಳಿದಳು.

"ಇಲ್ಲವ್ವಾ," ಎಂದೆ. ತಾಟಿನಿಂದ ತಲೆ ಎತ್ತಲಿಲ್ಲ.

ಹೊಸ ಫಿಲ್ಮಿಗೆ ಅರಿಸಿನದ ತೊಂದರೆಯಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಅವಳು ಕಡಲೆ ಹಿಟ್ಟಿನಿಂದ ಮುಖ ತಿಕ್ಕಿ ತೊಳೆದು, ದಿನಬಳಕೆಯ ಹಸಿರು ಸೀರೆಯಲ್ಲೇ ಬಂದಳು. ಸುಣ್ಣ ಬಳಿದ ಗೋಡೆಯ ಮುಂದೆ, ಎಳೆಬಿಸಿಲಿಗೆ ನಿಲ್ಲಿಸಿದೆ. ಮಾವ ಟಗರನ್ನು ಹಿಡಿದುಕೊಂಡು ಬಂದು, "ಒಂದರಾಗ ಇದೂ ಇರಲಿ," ಎಂದರು. ಬೇಡವೆಂದೆ. ಸುರುಳಿಯಲ್ಲಿದ್ದಷ್ಟನ್ನೂ ನೀಲವ್ವನಿಗೇ ಮುಗಿಸಿದೆ. ತೊಳೆಯುವುದನ್ನು ವಿಜಾಪುರದ ಸ್ಟುಡಿಯೋದವರಿಗೆ ಕೊಡುತ್ತೇನೆ ಎಂದಾಗ, ಹಿಂದಿನ ದಿನದ ಊಟದ ನಂತರ ಅಕ್ಕ ಮೊದಲ ಸಲ ನನ್ನೊಡನೆ ಬಾಯಿಬಿಟ್ಟಳು. "ಅದು ಚಲೋ," ಎಂದಳು.

ಮೋಟಾರು ನಿಲ್ಲುವ ಬೇವಿನ ಮರದ ತನಕ ನೀಲವ್ವ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಗಂಟು ಹಿಡಿದು ಬಂದಳು.

"ಮಾಮಾ, ಗ್ವಾಡಿ ಮ್ಯಾಲಿನ ಟಗರು ಐತೆಲ್ರಿ, ಅದರ ಕಂದು ಮಚ್ಚಿ ಎಲ್ಲಾ ಕರ್ರಗ ಬಂದಾವ. ಬಣ್ಣ ತಪ್ಪೈತಿ ಅಂತ ನಾ ಅವತ್ತ ಅಪ್ಪಗ ಹೇಳಿದ್ದೆ."

ನಾನು ಅಷ್ಟು ಸಲ ನೋಡಿ ಬೀಗಿದ ಚಿತ್ರ. ಒಮ್ಮೆಯೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. "ಮತ್ತ ನಿಂದು ನೋಡಿ ಯಾಕ ಹೇಳಲಿಲ್ಲ?" ಎಂದೆ.

"ನಂದು ಖರೇನ ಬಂದೈತಿ ಅನ್ಕೊಂಡಿದ್ನಿರಿ."

ಗಂಟು ಕೈಗಿತ್ತು ಹಿಂದೆ ಸರಿದಳು. ಮೋಟಾರು ಹೊರಟಿತು. ಹಿಂದಿನ ಕಿಟಕಿಯಿಂದ ನೋಡಿದೆ. ಮರದ ನೆರಳು ಬಿಟ್ಟು, ಮುಖಕ್ಕೆ ಸೆರಗು ಮರೆ ಮಾಡದೆ, ಬಿಸಿಲಿನಲ್ಲೇ ನಿಂತಿದ್ದಳು. ಕೈ ಬೀಸುತ್ತಿದ್ದಳು. ತಿರುಗಿ ಕೈ ಎತ್ತಲು ನನಗೆ ಮುಖವಿರಲಿಲ್ಲ.