ಯಾದಿಯಲ್ಲಿಲ್ಲದ ಊರು

ನನ್ನ ಮೊದಲ ನೌಕರಿ ಕೆಮ್ಮುವವರನ್ನು ಹುಡುಕುವುದು. ಅರವತ್ತರ ದಶಕದ ಮೊದಲ ವರ್ಷಗಳು. ಕಾಲೇಜು ಮುಗಿಸಿ ಕುಮಟೆಯ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಕ್ಷಯರೋಗದ ಸಂಶೋಧನೆಗೆ ತಾತ್ಕಾಲಿಕ ಕೆಲಸಗಾರರು ಬೇಕೆಂದು ಯಾರೋ ಹೇಳಿದರು, ಅರ್ಜಿ ಹಾಕಿದೆ, ಸಿಕ್ಕಿತು. ಅಪ್ಪನಿಗೆ ಖುಷಿ. ಆಯಿ ಮಾತ್ರ, "ಆ ರೋಗದವ್ರ ಮನೆ ಒಳಗೇ ಹೋಗೂದಾ?" ಎಂದು ಕೇಳಿದವಳು ಮತ್ತೆ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಹೊನ್ನಾವರದ ಬಂದರಿನ ಹತ್ತಿರ ಒಂದು ಮಹಡಿಯ ಕೋಣೆಯೇ ನಮ್ಮ ಕಚೇರಿ. ಮೇಲಿನವರು ಒಬ್ಬ ಡಾಕ್ಟರು, ಘಟ್ಟದ ಮೇಲಿನ ಕಡೆಯವರು, ಕಡಿಮೆ ಮಾತಿನ ಮನುಷ್ಯ. ಸೂಕ್ಷ್ಮದರ್ಶಕದ ಮುಂದೆ ಕೂರುವವನು ಒಬ್ಬ. ಊರೂರು ತಿರುಗುವುದಕ್ಕೆ ನಾನು. ಡಾಕ್ಟರು ಆರಿಸಿದ ಊರುಗಳ ಯಾದಿಯನ್ನು ಗೋಡೆಗೆ ಅಂಟಿಸಿದ್ದರು. ಆ ಊರುಗಳಲ್ಲಿ ಮನೆಮನೆಗೆ ಹೋಗಿ, ಬಹಳ ದಿನದಿಂದ ಕೆಮ್ಮುವವರಿಗೆ ಮುಚ್ಚಳದ ಡಬ್ಬಿ ಕೊಟ್ಟು, ಮರುದಿನ ಬೆಳಿಗ್ಗೆ ಅವರ ಕಫ ತರಬೇಕು. ರೋಗಾಣು ಕಂಡವರಿಗೆ ಒಂದು ವರ್ಷ ಪುಕ್ಕಟೆ ಗುಳಿಗೆ. ಆಸ್ಪತ್ರೆಗೆ ಸೇರದೆ, ಮನೆಯಲ್ಲೇ ಗುಳಿಗೆ ನುಂಗಿ ಈ ರೋಗ ವಾಸಿಯಾಗುತ್ತದೋ ಇಲ್ಲವೋ ಎಂಬುದೇ ಡಾಕ್ಟರ ಸಂಶೋಧನೆ. ತಿಂಗಳಿಗೊಮ್ಮೆ ಹೋಗಿ ಉಳಿದ ಗುಳಿಗೆ ಎಣಿಸಿ ನೋಡುವುದೂ ನನ್ನದೇ ಕೆಲಸ. ನನಗೆ ಅದರಲ್ಲಿ ಹೆಮ್ಮೆಯಿತ್ತು. ಕೆಮ್ಮಿ ಕೆಮ್ಮಿ ಸಾಯುವವರನ್ನು ನೋಡುತ್ತ ಬೆಳೆದ ನಮಗೆ, ಅದಕ್ಕೂ ಔಷಧ ಇದೆ ಅನ್ನುವುದೇ ದೊಡ್ಡ ಮಾತು.

ಯಾದಿಯಲ್ಲಿದ್ದ ಮಂಕಿ ಎಂಬ ಊರಿನಲ್ಲಿ, ಗದ್ದೆ ಬದಿಯ ಒಂದು ಮನೆಯಲ್ಲಿ ಒಬ್ಬ ಹೆಂಗಸು ಸಿಕ್ಕಳು. ವಯಸ್ಸು ಮೂವತ್ತರ ಆಸುಪಾಸು. ಗಂಡನದು ಗೇಣಿ ಗದ್ದೆ, ಮಕ್ಕಳಿರಲಿಲ್ಲ. ಸುತ್ತಿನ ಮದುವೆಗಳಿಗೆಲ್ಲ ಹಾಡು ಹೇಳುವುದಕ್ಕೆ ಅವಳನ್ನೇ ಕರೆಯುತ್ತಿದ್ದರಂತೆ. ಅರಿಶಿಣ ಹಚ್ಚುವಲ್ಲಿಂದ ಹೆಣ್ಣು ಒಪ್ಪಿಸುವವರೆಗೆ ಹಾಡು ಮುಗಿಯುತ್ತಿರಲಿಲ್ಲ ಎಂದು ಗಂಡನೇ ಹೇಳಿದ. ನಾನು ಹೋದಾಗ ಅವಳಿಗೆ ಒಂದು ಮಾತು ಪೂರ್ತಿ ಆಡುವಷ್ಟು ಉಸಿರಿರಲಿಲ್ಲ. ಹಿಂದಿನ ವರ್ಷದಿಂದ ಯಾರೂ ಕರೆದಿರಲಿಲ್ಲ.

"ಎಂತ ತಮ್ಮಾ, ಇದ್ರೊಳಗೆ ಉಗಿಯೂದಾ?" ಎಂದು ಡಬ್ಬಿ ನೋಡಿ ನಕ್ಕಳು.

ಅವಳ ಕಫದಲ್ಲಿ ರೋಗಾಣು ತುಂಬಿತ್ತು. ಮರುವಾರ ಗುಳಿಗೆ ಒಯ್ದು, ಹೇಗೆ ನುಂಗಬೇಕು, ಒಂದು ದಿನವೂ ಯಾಕೆ ಬಿಡಬಾರದು ಎಂದು ಪಾಠ ಒಪ್ಪಿಸಿದೆ. ಅವಳು ಎಲ್ಲ ಕೇಳಿಸಿಕೊಂಡು, "ನನ್ ತಂಗಿಗೂ ಹಿಂಗೇ ಕೆಮ್ಮು. ಬೆಳಕೆಗೆ ಕೊಟ್ಟದ್ದು. ಎರಡು ಸಣ್ಣ ಮಕ್ಳು. ಅವ್ಳಿಗೂ ಕೊಡ್ತ್ರಾ?" ಎಂದಳು.

"ಬೆಳಕೆ ನಮ್ಮ ಯಾದಿಯಲ್ಲಿಲ್ಲ ಅಕ್ಕಾ."

"ಭಟ್ಕಳದ ಆಚೆಗೇ. ದೂರ ಇಲ್ಲ."

"ದೂರದ ಮಾತಲ್ಲ. ಭಟ್ಕಳ ಆಸ್ಪತ್ರೆಗೆ ತೋರಿಸ್ಲಿ."

"ತೋರ್ಸಿದ್ದಾಳೆ. ಚೀಟಿ ಬರ್ದು ಕೊಟ್ರಂತೆ. ಔಷಧ ಬಂದಿಲ್ಲ ಹೇಳಿದ್ರಂತೆ."

ಕಚೇರಿಗೆ ಬಂದು ಡಾಕ್ಟರಿಗೆ ಹೇಳಿದೆ. ಅವರು ತಲೆ ಎತ್ತದೆ, "ಒಂದು ಊರಿಗೆ ಕೊಟ್ಟರೆ ಎಲ್ಲ ಊರಿಗೂ ಕೊಡಬೇಕು. ನಮ್ಮಲ್ಲಿರುವುದು ಎಣಿಸಿದಷ್ಟೇ ಔಷಧ," ಎಂದರು. ಕಟುಕ ಮನುಷ್ಯ ಅಲ್ಲ ಅವರು. ಹೇಳಿದ್ದು ನಿಜವೂ ಆಗಿತ್ತು. ನಾನು ಮತ್ತೆ ಕೇಳಲಿಲ್ಲ. ಹೊಸ ನೌಕರಿ, ಕೇಳುವ ಧೈರ್ಯವೂ ಇರಲಿಲ್ಲ.

ಎರಡು ತಿಂಗಳಲ್ಲಿ ಮಂಕಿಯ ಅಕ್ಕನ ಜ್ವರ ಇಳಿಯಿತು. ಮೂರನೆಯ ತಿಂಗಳು ನಾನು ಹೋದಾಗ ಗದ್ದೆಯಲ್ಲಿ ಸಸಿ ನೆಟ್ಟಿಗೆ ಇಳಿದಿದ್ದಳು. ಸೊಂಟ ಬಗ್ಗಿಸಿಕೊಂಡೇ ಹಾಡಿನ ಮೊದಲ ಸಾಲು ಎತ್ತಿದಳು, ಉಳಿದ ಹೆಂಗಸರು ಅದನ್ನು ಹಿಡಿದು ಮುಂದಕ್ಕೆ ಒಯ್ದರು. ನಾನು ಮಳೆಯಲ್ಲಿ ಕೊಡೆ ಹಿಡಿದು ಅಂಚಿನ ಮೇಲೆ ನಿಂತಿದ್ದೆ. ನನ್ನ ಕೆಲಸದ ಫಲ ಇದು ಅನ್ನಿಸಿತು. ಅವತ್ತು ಸಂಜೆ ಹೊಳೆ ದಾಟುವಾಗ ದೋಣಿಯವನ ಹತ್ತಿರ ಕಾರಣವಿಲ್ಲದೆ ಮಾತಾಡಿದೆ.

ಪ್ರತಿ ತಿಂಗಳೂ ಗುಳಿಗೆಯ ಲೆಕ್ಕ ಸರಿ ಬರುತ್ತಿತ್ತು. ಎಷ್ಟು ಮುಗಿದಿರಬೇಕೋ ಅಷ್ಟೇ ಮುಗಿದಿರುತ್ತಿತ್ತು. ಅವಳಷ್ಟು ನೇಮದಿಂದ ನುಂಗುವವರು ನನ್ನ ಊರುಗಳಲ್ಲಿ ಇಲ್ಲ ಎಂದು ಡಾಕ್ಟರ ಮುಂದೆ ಹೊಗಳಿದ್ದೆ.

ಚಳಿಗಾಲ ಬಂದಾಗ ಕೆಮ್ಮು ಮತ್ತೆ ಶುರುವಾಯಿತು. ಕಫ ತಂದು ಕೊಟ್ಟೆ. ಸೂಕ್ಷ್ಮದರ್ಶಕದವನು ನೋಡಿದ, ನನ್ನನ್ನು ಕರೆದು ತೋರಿಸಿದ. ಕೆಂಪು ಕಡ್ಡಿಗಳಂಥ ರೋಗಾಣು, ಮೊದಲಿಗಿಂತ ಹೆಚ್ಚು. ಎಲ್ಲೋ ಡಬ್ಬಿ ಬದಲಾಗಿರಬೇಕು ಎಂದು ಇನ್ನೊಮ್ಮೆ ಕಫ ತಂದೆ. ಅದೇ.

ಮಂಕಿಗೆ ಹೋಗಿ ಗುಳಿಗೆಯ ವಿಷಯ ಅವಳನ್ನು ಕೇಳಿದೆ. ಗಂಡ ಗದ್ದೆಗೆ ಹೋಗಿದ್ದ.

"ಅರ್ಧ ಅವ್ಳಿಗೆ ಕಳ್ಸ್ತಿದ್ದೆ ತಮ್ಮಾ."

"ಯಾರಿಗೆ?"

"ತಂಗಿಗೆ. ಅವ್ಳ ಗಂಡ ತಿಂಗ್ಳಿಗೊಮ್ಮೆ ಬಂದು ಒಯ್ತಿದ್ದ. ನೀವು ಎಣ್ಸ್ತ್ರಿ ಹೇಳಿ ಗೊತ್ತಿತ್ತು. ಅದಕ್ಕೆ ನೀವು ಬರೂ ಮೊದ್ಲೇ ಕೊಟ್ಟು ಕಳ್ಸ್ತಿದ್ದೆ."

"ನಿಮ್ಗೆ ಹೇಳಿದ್ನಲ್ಲ ಅಕ್ಕಾ, ಒಂದು ದಿನವೂ ಬಿಡ್ಬೇಡಿ ಅಂತ!"

"ದಿನಾ ನುಂಗಿದ್ದೆ. ಅರ್ಧ ನುಂಗಿದ್ದೆ," ಎಂದಳು. "ನಂಗೆ ಕಡಿಮೆ ಆತಲ್ಲ, ಅವ್ಳಿಗೂ ಆಗ್ತದೆ ಅಂದ್ಕೊಂಡೆ. ಒಂದೇ ಹೊಟ್ಟೇಲಿ ಹುಟ್ಟಿದವ್ರು. ನಾನೊಬ್ಳೇ ಹ್ಯಾಂಗೆ ನುಂಗ್ಲಿ?"

ನನಗೆ ಸಿಟ್ಟು ಬಂತು. ಅವಳ ಮೇಲೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಹೆಮ್ಮೆಯನ್ನು ಅವಳು ಹಾಳು ಮಾಡಿದಳು ಅನ್ನಿಸಿತು. ಜೋರಾಗಿ ಏನೋ ಅಂದೆ. ಅವಳು ಸೆರಗು ಬಾಯಿಗೆ ಹಿಡಿದು ಕೆಮ್ಮಿದಳು.

ಡಾಕ್ಟರು ನನ್ನ ಮಾತು ಪೂರ್ತಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅರ್ಧ ಔಷಧ ತಿಂದರೆ ರೋಗಾಣು ಸಾಯುವುದಿಲ್ಲ, ಆ ಔಷಧಕ್ಕೆ ಪಳಗುತ್ತದೆ, ಇನ್ನು ಪೂರ್ತಿ ಕೊಟ್ಟರೂ ಕೆಲಸ ಮಾಡುವುದು ಅನುಮಾನ ಎಂದರು. "ಇಬ್ಬರಿಗೂ," ಎಂದು ಸೇರಿಸಿದರು. ಬೇರೆ ಸೂಜಿಮದ್ದಿಗೆ ಮೇಲಕ್ಕೆ ಪತ್ರ ಬರೆದರು, ನೆನಪಿನೋಲೆಯನ್ನೂ ಬರೆದರು. ಎರಡನ್ನೂ ನಾನೇ ಅಂಚೆಗೆ ಹಾಕಿದ್ದೆ. ಸಂಶೋಧನೆಯ ನಿಯಮ ಮುರಿದವರ ಹೆಸರು ಬೇರೆ ಪುಟಕ್ಕೆ ಹೋಗಬೇಕು. ಅವಳ ಹೆಸರನ್ನು ಆ ಪುಟದಲ್ಲಿ ಬರೆದವನೂ ನಾನೇ.

ಉತ್ತರ ಬರುವ ಮೊದಲೇ ಬೆಳಕೆಯ ತಂಗಿ ಹೋದಳು. ಅವಳನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅಕ್ಕನಿಗೆ ಸಾವಿಗೆ ಹೋಗುವ ಶಕ್ತಿಯಿರಲಿಲ್ಲ. ಗಂಡ ಒಬ್ಬನೇ ಹೋಗಿ ಬಂದ. ಆ ಮೇಲೆ ನಾನು ಹೋದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ ಮಾತು: "ಪೂರಾ ಅವ್ಳಿಗೇ ಕೊಟ್ಟಿದ್ರೆ ಬದುಕ್ತಿದ್ಲಾ ತಮ್ಮಾ?" ಇಲ್ಲ ಎಂದು ಹೇಳಿದರೆ ಸುಳ್ಳು. ಹೌದು ಎನ್ನುವುದು ಹೇಗೆ? "ಮಾತಾಡ್ಬೇಡಿ, ಸುಸ್ತಾಗ್ತದೆ," ಎಂದು ಎದ್ದು ಬರುತ್ತಿದ್ದೆ.

ಸೂಜಿಮದ್ದು ಬಂತು, ಬಂದದ್ದು ಸ್ವಲ್ಪವೇ. ಹಾಕಿದರು. ಹಿಡಿಯಲಿಲ್ಲ. ಬೇಸಿಗೆಯ ಮದುವೆಗಳು ಶುರುವಾಗುವ ಹೊತ್ತಿಗೆ ಅವಳೂ ತೀರಿಕೊಂಡಳು.

ಸುದ್ದಿ ತಿಳಿದು ನಾಲ್ಕು ದಿನದ ಮೇಲೆ ಮಂಕಿಗೆ ಹೋದೆ. ಅವಳ ಚಾಪೆ, ಬಟ್ಟೆ ಎಲ್ಲ ಸುಟ್ಟು ಅಂಗಳದ ಮೂಲೆ ಕಪ್ಪಾಗಿತ್ತು. ಗಂಡ ನನ್ನನ್ನು ಜಗುಲಿಯ ಮೇಲೆ ಕೂರಿಸಿದ. ಒಂದು ಕೆಟ್ಟ ಮಾತು ಆಡಲಿಲ್ಲ. "ನೀವು ಎಷ್ಟೆಲ್ಲ ಓಡಾಡಿದ್ರಿ," ಎಂದ. ಒಂದು ಎಳನೀರು ಕೆತ್ತಿ ತಂದು ಮುಂದೆ ಹಿಡಿದ. ರೋಗಿಗಳ ಮನೆಯಲ್ಲಿ ಏನೂ ಕುಡಿಯಕೂಡದು ಎಂದು ನಮಗೆ ಮೊದಲ ದಿನವೇ ಹೇಳಿದ್ದರು. ನನ್ನ ಕೈ ತಾನಾಗಿ ಬೇಡವೆಂದಿತು. ಎಳನೀರಿಗೆ ಯಾವ ರೋಗ ಅಂಟುತ್ತದೆ ಎಂಬ ವಿಚಾರ ತಲೆಗೆ ಬಂದದ್ದು ಆಮೇಲೆ. ಅಷ್ಟರಲ್ಲಿ ಅವನು ಅದನ್ನು ಮೆಟ್ಟಿಲ ಬದಿಗೆ ಇಟ್ಟಾಗಿತ್ತು.

ವರ್ಷದ ಕೊನೆಗೆ ನನ್ನ ನೌಕರಿ ಖಾಯಂ ಆಯಿತು. ನಾನು ಬಿಡಲಿಲ್ಲ. ಬಿಟ್ಟು ಮಾಡುವುದಾದರೂ ಏನು? ಮತ್ತೆ ಬೇರೆ ತಾಲೂಕು, ಬೇರೆ ಊರು. ಗುಳಿಗೆ ಎಣಿಸುತ್ತ ಲೆಕ್ಕ ಸರಿ ಬಂದರೆ ಮಾತ್ರ ಹೆದರಿಕೆ ಆಗುತ್ತಿತ್ತು.