ಅತ್ತಿಗೆಯ ಮೂರು ನಿಮಿಷ

ಅಣ್ಣನ ಮದುವೆಯಾದ ಹೊಸದರಲ್ಲಿ ನಾನು ಅತ್ತಿಗೆಗೆ ಸಮಾಧಾನ ಹೇಳಲು ಹೋಗಿದ್ದೆ. ಅವರ ಚೀಲದಲ್ಲಿ ಗೆರೆ ಹಾಕಿದ ಪುಸ್ತಕವೊಂದು ಕಂಡಿತ್ತು. ಶಾಲೆಯಲ್ಲಿ ಅಕ್ಷರ ದುಂಡಗಾಗಲಿ ಎಂದು ನನ್ನಿಂದ ಬರೆಸುತ್ತಿದ್ದುದು ನಾಲ್ಕು ಗೆರೆಯ ಪುಸ್ತಕದಲ್ಲಿ; ಇದರಲ್ಲಿ ಐದು. ಪಾಪ, ನನಗಿಂತ ಒಂದು ಗೆರೆ ಹೆಚ್ಚು ಕೆಟ್ಟ ಕೈಬರಹ ಇರಬೇಕು ಅಂದುಕೊಂಡೆ. ಡಾಕ್ಟರುಗಳ ಅಕ್ಷರ ನೋಡಿ ಅತ್ತಿಗೆ, ಅವರಿಗೇನು ಬದುಕಿಲ್ಲವಾ ಅಂದೆ. ಅವರು ನನ್ನನ್ನೇ ಒಂದು ಕ್ಷಣ ನೋಡಿ, ಒಳ್ಳೇದಪ್ಪಾ ಅಂದರು. ಅದು ಸಂಗೀತ ಬರೆಯುವ ಪುಸ್ತಕ ಎಂದು ಅಣ್ಣ ಹೇಳುವಷ್ಟರಲ್ಲಿ ಅರ್ಧ ನೆಂಟರಿಗೆ ಸುದ್ದಿ ಮುಟ್ಟಿಸಿಯಾಗಿತ್ತು.

ಅತ್ತಿಗೆಯ ಕೆಲಸ ಲಿಫ್ಟ್ ರಿಪೇರಿ. ಬಾಗಿಲಿಗೆ ಕಿವಿಯಿಟ್ಟು ಯಾವ ಗಾಲಿ ಸವೆದಿದೆ ಎಂದು ಹೇಳಿಬಿಡುತ್ತಾರೆ. ಅಮ್ಮನಿಗೆ ಅದರ ಬಗ್ಗೆ ಹೆಮ್ಮೆ. ಆದರೆ ಅದೇ ಕಿವಿ ಬೆಳಿಗ್ಗೆ ಐದಕ್ಕೆದ್ದು ಅಡುಗೆಮನೆಯ ಮೇಜಿನ ಮೇಲೆ ಪಿಟೀಲುಗಳಿಗೆ ಸಂಗೀತ ಬರೆಯುತ್ತದೆ ಎಂಬುದು ಮಾತ್ರ ಅವಳಿಗೆ ನುಂಗಲಾರದ ತುತ್ತು. ಹಾಡೋದಿಲ್ಲ, ಬಾರಿಸೋದಿಲ್ಲ, ಬರೆಯೋದಂತೆ, ಎಂದು ಪಾತ್ರೆಗಳಿಗೆ ಹೇಳಿಕೊಳ್ಳುತ್ತಿದ್ದಳು.

ಕಳೆದ ವರ್ಷ ದೊಡ್ಡ ಸಭಾಂಗಣದವರು ಹೊಸ ಸಂಯೋಜಕರಿಂದ ಕೃತಿಗಳನ್ನು ಕರೆದರು. ಅತ್ತಿಗೆಯದು ಆಯ್ಕೆಯಾಯಿತು. ನಾಲ್ಕು ವಾದ್ಯ, ಒಂಬತ್ತು ನಿಮಿಷ. ನಡುವಿನ ಮೂರು ನಿಮಿಷ ನಾಲ್ವರೂ ಒಂದೇ ಸ್ವರವನ್ನು ಹಿಡಿದು, ಅದನ್ನೇ ದಪ್ಪ ಮಾಡುತ್ತ, ತೆಳ್ಳಗೆ ಮಾಡುತ್ತ ಹೋಗಬೇಕು. ಲಿಫ್ಟಿನ ತಲೆಯ ಮೇಲೆ ಕತ್ತಲಲ್ಲಿ ಕೂತು ಹದಿನೈದು ವರ್ಷ ಕೇಳಿದ ಶಬ್ದ ಅದು. ಅದಕ್ಕಾಗಿಯೇ ಉಳಿದ ಆರು ನಿಮಿಷ ಬರೆದದ್ದು ಅಂದಿದ್ದರು.

ವಾದಕರ ಪ್ರತಿಗಳನ್ನು ಮುದ್ರಿಸುವ ಕೆಲಸ ನಾನಿರುವ ಜೆರಾಕ್ಸ್ ಅಂಗಡಿಗೆ ಬಂತು. ನಡುನಡುವೆ ಖಾಲಿ ಪುಟಗಳು. ಅತ್ತಿಗೆಗೆ ಕಂಪ್ಯೂಟರ್ ಕೈಕೊಟ್ಟಿದೆ ಎಂದುಕೊಂಡು, ಮನೆಯವನೆಂಬ ಅಭಿಮಾನದಿಂದ ಅಷ್ಟನ್ನೂ ಕಿತ್ತುಹಾಕಿ ಅಂದವಾಗಿ ಹೊಲಿದುಕೊಟ್ಟೆ. ವಾದಕರಿಗೆ ಬಿಡುವು ಸಿಕ್ಕಾಗಲೇ ಹಾಳೆ ತಿರುಗಿಸುವಂತೆ ಲೆಕ್ಕ ಹಾಕಿ ಬಿಟ್ಟ ಖಾಲಿ ಅವು ಎಂದು ಗೊತ್ತಾಗಿದ್ದು ತಾಲೀಮಿನಲ್ಲಿ. ಆ ಉದ್ದ ಸ್ವರ ಶುರುವಾಗಿ ಒಂದು ನಿಮಿಷಕ್ಕೆ ನಾಲ್ವರೂ ಕಮಾನು ಎತ್ತಿ ಒಟ್ಟಿಗೆ ಹಾಳೆ ತಿರುವಿದರು. ನಾನು ಇಂಗು ತಿಂದ ಮಂಗನಂತೆ ಹಿಂದಿನ ಸಾಲಲ್ಲಿ ಕೂತಿದ್ದೆ.

ತಾಲೀಮು ನೋಡಲು ಬಂದಿದ್ದ ಸಭಾಂಗಣದ ನಿರ್ದೇಶಕರಿಗೆ ಮಾತ್ರ ಖುಷಿ. ಆ ನಿಂತ ಜಾಗವೇ ಚೆನ್ನಾಗಿತ್ತು, ಅಲ್ಲಿಂದ ನೇರ ಮುಂದಕ್ಕೆ ಹೋಗಿಬಿಡಿ, ಮೂರು ನಿಮಿಷವನ್ನು ಒಂದಕ್ಕೆ ಇಳಿಸಿ, ಜನ ಕೆಮ್ಮಲು ಶುರುಮಾಡುತ್ತಾರೆ ಅಂದರು. ಅತ್ತಿಗೆ ಕೆಮ್ಮಲಿ ಅಂದರು. ಹಾಗಾದರೆ ಕಾರ್ಯಕ್ರಮದಲ್ಲಿ ಜಾಗವಿಲ್ಲ ಅಂದರು ಅವರು. ಅತ್ತಿಗೆ ನಾಲ್ಕೂ ಪ್ರತಿಗಳನ್ನು ಜೋಡಿಸಿ, ನಟ್ಟು ತಿರುಗಿಸುವ ಪಾನಾಗಳಿದ್ದ ಚೀಲಕ್ಕೆ ಹಾಕಿಕೊಂಡು ಎದ್ದರು.

ಮನೆಯಲ್ಲಿ ಅಮ್ಮನೂ ನಾನೂ ಒಂದೇ ಪಕ್ಷ. ಬಾಗಿಲವರೆಗೆ ಬಂದ ಲಕ್ಷ್ಮಿಯನ್ನು ಒದೆಯೋದುಂಟಾ ಎಂದಳು ಅಮ್ಮ. ಎರಡೇ ನಿಮಿಷ ತಾನೇ, ಉಳಿದದ್ದಾದರೂ ಜನ ಕೇಳುತ್ತಾರಲ್ಲ ಎಂದೆ ನಾನು, ಖಾಲಿ ಪುಟ ಕಿತ್ತ ಮಹಾನುಭಾವ.

"ಹತ್ತನೇ ಮಹಡಿಗೆ ಹೊರಟವನನ್ನ ಏಳರಲ್ಲಿ ಇಳಿಸಿ, ಹತ್ತಿರ ಬಂದ್ಯಲ್ಲ ಸಾಕು ಅಂದ್ರೆ ಒಪ್ಕೊಳ್ತೀಯಾ?" ಅಂದರು ಅತ್ತಿಗೆ. ಅಮ್ಮ ಪಾತ್ರೆಗಳ ಕಡೆ ತಿರುಗಿದಳು.

ಈಗ ಆ ಕೃತಿಯನ್ನು ಬೇರೆ ಎರಡು ಊರಿನ ತಂಡಗಳು ಕೇಳಿ ತರಿಸಿಕೊಂಡು ನುಡಿಸಿವೆ, ಮೂರು ನಿಮಿಷವನ್ನೂ ಸೇರಿಸಿ. ಕೊಳಲು ನುಡಿಸುವವರೊಬ್ಬರು ಹೊಸದೊಂದನ್ನು ಬರೆದುಕೊಡಿ ಎಂದಿದ್ದಾರೆ. ಪ್ರತಿಗಳನ್ನು ನಾನೇ ಮುದ್ರಿಸುತ್ತೇನೆ, ಖಾಲಿ ಪುಟಗಳನ್ನು ಎರಡು ಸಲ ಎಣಿಸಿ. ಆದರೆ ಆ ಒಂಬತ್ತು ನಿಮಿಷದ ಕೃತಿ ಮೊದಲು ಕೇಳಿಸಿದ್ದು ಸಭಾಂಗಣದಲ್ಲಲ್ಲ. ಅತ್ತಿಗೆ ನೋಡಿಕೊಳ್ಳುವ ಹತ್ತು ಮಹಡಿಯ ಆಫೀಸು ಕಟ್ಟಡವೊಂದರ ಕೆಳಗೆ, ಮೆಟ್ಟಿಲ ಬುಡದಲ್ಲಿ, ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ. ಅಲ್ಲಿ ಸದ್ದು ಹತ್ತೂ ಮಹಡಿ ಏರಿ ಇಳಿದು ಬರುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ಆ ನಾಲ್ವರು ವಾದಕರೂ ಬಂದರು. ಕೂತೇ ನುಡಿಸಬೇಕಾದ ದೊಡ್ಡ ಪಿಟೀಲು, ಚೆಲ್ಲೋದವರು ತಮ್ಮ ಕುರ್ಚಿಯನ್ನು ತಾವೇ ಹೊತ್ತು ತಂದರು.

ಲಿಫ್ಟಿನ ಬಾಗಿಲಿಗೆ "ವಾರ್ಷಿಕ ತಪಾಸಣೆ, ಒಂದು ಗಂಟೆ ಕಾಲ ಲಿಫ್ಟ್ ಇಲ್ಲ" ಎಂಬ ಬೋರ್ಡು ನೇತಾಡುತ್ತಿತ್ತು. ಊಟ ಮುಗಿಸಿ ಬಂದವರು ಬೋರ್ಡನ್ನೂ ಮೆಟ್ಟಿಲುಗಳನ್ನೂ ನೋಡಿ, ನಿಟ್ಟುಸಿರಿಟ್ಟು, ಅಲ್ಲಲ್ಲೇ ಕೂತರು. ಉದ್ದ ಸ್ವರ ಶುರುವಾದಾಗ ಒಬ್ಬರು ಗಡಿಯಾರ ನೋಡಿಕೊಂಡರು, ಇಬ್ಬರು ಕೆಮ್ಮಿದರು. ಎರಡನೇ ನಿಮಿಷಕ್ಕೆ ಆ ಸ್ವರ ಮೇಲಿಂದ ತಿರುಗಿ ಬಂದು ಕೆಳಗಿನದರ ಜೊತೆ ಸೇರಿಕೊಂಡಿತು. ಆಮೇಲೆ ಯಾರೂ ಕೆಮ್ಮಲಿಲ್ಲ. ನನ್ನ ಪಕ್ಕದ ಕಾವಲುಗಾರ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಅಮ್ಮ ಗೋಡೆಗೆ ಅಂಗೈ ಊರಿ ನಿಂತಿದ್ದಳು. ಗೋಡೆಯೂ ಸಣ್ಣಗೆ ನಡುಗುತ್ತಿತ್ತಂತೆ.

ಚಪ್ಪಾಳೆ ನಿಂತ ಮೇಲೆ ಹಿಂದಿನಿಂದ ನಿರ್ದೇಶಕರು ಮುಂದೆ ಬಂದರು. ವಾದಕರಲ್ಲೊಬ್ಬರು ಅವರಿಗೆ ಹೇಳಿದ್ದರಂತೆ. ನಗುತ್ತಲೇ, ಎಲ್ಲರಿಗೂ ಕೇಳುವಂತೆ ಕೇಳಿದರು: "ಅಲ್ಲಮ್ಮಾ, ಇವರಲ್ಲಿ ಮುಕ್ಕಾಲು ಪಾಲು ಜನ ಕೂತಿದ್ದು ಲಿಫ್ಟ್ ನಿಂತಿದೆ ಅಂತ. ನಿಮ್ಮ ಸಂಗೀತಕ್ಕಲ್ಲ. ಅದು ಗೊತ್ತಾ ನಿಮಗೆ?"

ಅತ್ತಿಗೆ ಬೋರ್ಡನ್ನು ಬಾಗಿಲಿನಿಂದ ಬಿಚ್ಚಿಕೊಳ್ಳುತ್ತಿದ್ದರು.

"ಗೊತ್ತು ಸಾರ್," ಅಂದರು. "ನಿಲ್ಲಿಸಿದವಳು ನಾನೇ."