ಬಾಗಿದ ಪ್ಲೇಟಿನ ಜೊತೆ ಸಿರಾಕ್ಕೆ

ಮಧುಗಿರಿಯಿಂದ ಬೆಳಗಿನ ಮೊದಲ ಬಸ್ಸಿಗೆ ಕೊರಟಗೆರೆಗೆ ಹೊರಟೆ. ಮೋಡವಿರಲಿಲ್ಲ, ಗಾಳಿಯೂ ಇರಲಿಲ್ಲ. ಗೆಳೆಯ ನಾಗರಾಜಯ್ಯ ತೀರಿಕೊಂಡು ಕರ್ಮಾಂತರಗಳು ಮುಗಿದಿದ್ದವು. ಅವರ ಮನೆಯಲ್ಲಿ ಉಳಿದಿದ್ದ ಒಂದು ಗ್ರಾಮಫೋನ್ ಪ್ಲೇಟನ್ನು ಸಿರಾದ ಖಾದರ್ ಸಾಬರಿಗೆ ತಲುಪಿಸಬೇಕಿತ್ತು.

ನಾವು ನಾಲ್ವರು ಜಾಜ್ ಪ್ಲೇಟುಗಳ ಹುಚ್ಚರು. ನಾನು ಮಧುಗಿರಿಯ ಡ್ರಾಯಿಂಗ್ ಮೇಷ್ಟ್ರು. ನಾಗರಾಜಯ್ಯ ಕೊರಟಗೆರೆಯವರು. ಸಾಬರಿಗೆ ಸಿರಾ ಪೇಟೆಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಪಾವಗಡದ ಓಬಳೇಶಪ್ಪನಿಗೆ ಕಡಲೆಕಾಯಿ ವ್ಯಾಪಾರ. ಬೆಂಗಳೂರು ದಂಡು ಪ್ರದೇಶದಿಂದ ಬಿಳಿಯರು ಮನೆ ಖಾಲಿ ಮಾಡಿ ಹೋದಾಗ ಗುಜರಿಗೆ ಬಂದ ಪ್ಲೇಟುಗಳನ್ನು ಆರಿಸಿ ತಂದು, ಯಾವುದು ಮೇಲು ಎಂದು ಮಧ್ಯಾಹ್ನವಿಡೀ ಕಿತ್ತಾಡುತ್ತಿದ್ದೆವು. ನಮ್ಮಲ್ಲೊಂದು ಕಟ್ಟಳೆ ಇತ್ತು. ಎರವಲು ಒಯ್ದವನು ಪ್ಲೇಟನ್ನು ತಾನೇ ತಂದುಕೊಡಬೇಕು; ಅದರಲ್ಲಿ ತನಗೇನು ಕೇಳಿಸಿತು ಎಂದು ಮೊದಲು ಹೇಳಬೇಕು. ಆಮೇಲೇ ಪ್ಲೇಟಿನ ಮೇಲೆ ಮುಳ್ಳು ಇಡುವುದು.

ನಾಗರಾಜಯ್ಯ ಸಾಬರಿಂದ ಎರವಲು ಒಯ್ದಿದ್ದ ಈ ಪ್ಲೇಟು ಬೇರೆ ತರಹದ್ದು. ಸಾಬರ ತಮ್ಮ ದಂಡಿನ ಹೋಟೆಲೊಂದರ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದ. ಹರೆಯದಲ್ಲೇ ತೀರಿಹೋದ. ಅವನು ಊದಿದ್ದು ಉಳಿದಿರುವುದು ಇದೊಂದರಲ್ಲೇ. ಇನ್ನೊಂದು ಪ್ರತಿ ಸಾಬರಿಗೆ ಎಲ್ಲೂ ಸಿಕ್ಕಿರಲಿಲ್ಲ.

ನಾಗರಾಜಯ್ಯನವರ ಹೆಂಡತಿ ಸರೋಜಮ್ಮ ಪ್ಲೇಟನ್ನು ಹೊಸ ಟವೆಲಿನಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿ ನೋಡಿದೆ. ಅಂಚು ಸುತ್ತಲೂ ಮೇಲೆದ್ದಿತ್ತು. ನಡುವಿನ ಕಾಗದ ಉದುರಿಹೋಗಿತ್ತು.

"ಸೂತಕ ಕಳೆದ ದಿನ ಮನೆ ಸಾಮಾನೆಲ್ಲ ತೊಳೆದ್ವಿ, ಮೇಷ್ಟ್ರೇ. ಬೇರೆಯವರ ವಸ್ತು, ಹಂಗೇ ಕೊಡೋದು ಹೆಂಗೆ ಅಂತ ಇದನ್ನೂ ತೊಳೆದು ಮಾಳಿಗೆ ಮೇಲೆ ಒಣಗ್ಹಾಕಿದೆ. ಕೆಟ್ಟೋಯ್ತಾ?"

ಪ್ಲೇಟನ್ನು ಮತ್ತೆ ಟವೆಲಿನಲ್ಲಿ ಸುತ್ತಿದೆ. ಅರಗಿನ ಪ್ಲೇಟು ಬಿಸಿಲು ತಾಳುವುದಿಲ್ಲ ಎಂದು ಅವರಿಗೆ ಯಾರು ಹೇಳಿದ್ದರು? ಕಡೆಗೆ, ಇದನ್ನು ಕೇಳಿ ಯಜಮಾನರು ಏನೆನ್ನುತ್ತಿದ್ದರು ಎಂದಷ್ಟೇ ಕೇಳಿದೆ.

"ಕೊನೇಲಿ ಒಬ್ಬ ಊದ್ತಾನಲ್ಲ, ಶುರು ಮಾಡೋ ಮುಂಚೆ ಅವನು ಉಸಿರೆಳ್ಕೊಳ್ಳೋದು ಕೇಳುಸ್ತದೆ ಅನ್ನೋರು. ನನ್ನನ್ನೂ ಕೂರ್ಸಿ ಕೇಳ್ಸಿದ್ರು." ಬಾಗಿಲವರೆಗೆ ಬಂದು, "ಹಾಡ್ತೋ ಇಲ್ವೋ, ಒಂದು ಮಾತು ತಿಳಿಸಿ" ಎಂದರು.

ಮಧುಗಿರಿಗೆ ಮರಳಿ ಸಿರಾ ಬಸ್ಸು ಹತ್ತಿದೆ. ಇಂಜಿನ್ನಿನ ಬಿಸಿ ತಾಗದಿರಲೆಂದು ಹಿಂದಿನ ಸೀಟಿನಲ್ಲಿ ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಡವನಹಳ್ಳಿಯಲ್ಲಿ ಸಂತೆ, ಬಸ್ಸು ಬಹಳ ಹೊತ್ತು ನಿಂತಿತು. ಬಾಳೆಹಣ್ಣು ಕೊಂಡೆ, ತಿನ್ನಲಾಗಲಿಲ್ಲ. ಪಕ್ಕಕ್ಕೆ ಬಂದ ಹೆಂಗಸು ಟವೆಲಿನ ಗಂಟು ನೋಡಿ, "ರೊಟ್ಟಿ ಬುತ್ತಿನಾ ಸ್ವಾಮಿ?" ಎಂದಳು. ಹೂಂ ಎಂದೆ.

ಸಿರಾದಲ್ಲಿ ಸಾಬರ ಅಂಗಡಿಯಲ್ಲಿ ಓಬಳೇಶಪ್ಪ ಆಗಲೇ ಕೂತಿದ್ದ. ಟವೆಲು ಬಿಚ್ಚಿದೊಡನೆ ಎದ್ದು ನಿಂತ. "ಏಮಿದಿ, ಏನಿದು ಮೇಷ್ಟ್ರೇ! ದೋಸೆ ಕಾವಲಿ ಮಾಡ್ಬುಟ್ಟವ್ರಲ್ಲಾ!"

ನಡೆದದ್ದನ್ನು ಹೇಳಿದೆ. ಸಾಬರು ಕಣ್ಣಿಗೆ ಸಿಕ್ಕಿಸಿದ್ದ ಭೂತಗಾಜನ್ನು ತೆಗೆದಿಟ್ಟು, ಅಂಚಿನ ಸುತ್ತ ಒಮ್ಮೆ ಬೆರಳಾಡಿಸಿದರು. "ಸಾವಿನ ಮನೆ ಸಾಮಾನು ತೊಳೀದೆ ಯಾರು ಕೊಡ್ತಾರೆ, ಓಬಳೇಶಪ್ಪಾ? ನನ್ನ ತಮ್ಮನ ಪ್ಲೇಟಿಗೂ ಆಯಮ್ಮ ಮರ್ಯಾದೆ ಮಾಡಿದಾರೆ."

"ಎರಡು ಗಾಜಿನ ಮಧ್ಯೆ ಇಟ್ಟು ಬಿಸಿಲಿಗೆ ಹಿಡೀರಿ, ನೆಟ್ಟಗಾಗ್ತದೆ" ಎಂದ ಓಬಳೇಶಪ್ಪ.

"ಸೀಳು ಬಿಟ್ರೆ? ಮೊದಲು ಒಂದ್ಸಲ ಕೇಳೋಣ. ಆದ್ರೆ ಎರವಲು ಒಯ್ದವರ ಮಾತು ಆಗ್ಬೇಕಲ್ಲ, ಮೇಷ್ಟ್ರೇ?"

ಉಸಿರಿನ ಮಾತು ಹೇಳಿದೆ. ಸಾಬರು ನನ್ನನ್ನೇ ನೋಡಿದರು. "ಅಷ್ಟು ಸಲ ಹಾಕಿದೀನಿ, ನಾನು ಕೇಳಿಸ್ಕೊಂಡಿಲ್ಲ."

ಹೊಸ ಮುಳ್ಳು ಹಾಕಿದರು. ಅಂಚಿನಲ್ಲಿ ಮುಳ್ಳು ನಿಲ್ಲಲಿಲ್ಲ, ಜಿಗಿದು ಜಿಗಿದು ಬಿತ್ತು. ಎತ್ತಿ ಒಳಗೆ ಇಟ್ಟರು, ಮತ್ತೆ ಜಿಗಿಯಿತು. ಓಬಳೇಶಪ್ಪ ಮುಖ ತಿರುಗಿಸಿದ. ಮೂರನೆಯ ಸಲ ನಡುವಿಗೆ ಹತ್ತಿರ, ಪ್ಲೇಟು ಇನ್ನೂ ಸಪಾಟಾಗಿದ್ದ ಕಡೆ ಇಟ್ಟರು. ಕಹಳೆಗಳು ಬಂದವು, ನಿಂತವು. ಆ ಸಂದಿಯಲ್ಲಿ ಯಾರೋ ಉಸಿರೆಳೆದುಕೊಂಡರು. ಕ್ಲಾರಿಯೊನೆಟ್ ಎದ್ದಿತು, ಸ್ವಲ್ಪ ಅಲುಗುತ್ತ, ಕೊನೆಯವರೆಗೆ.

ಪ್ಲೇಟು ನಿಂತ ಮೇಲೂ ಸಾಬರು ಗ್ರಾಮಫೋನಿನ ಮೇಲಿಂದ ಕೈ ತೆಗೆಯಲಿಲ್ಲ. "ಗಾಜು ಬೇಡ" ಎಂದರು. "ಇಷ್ಟು ಉಳಿದಿದೆ. ಸಾಕು."

ಮರುದಿನ ಹೊರಡುವಾಗ ಕಪಾಟಿನಿಂದ ಇನ್ನೊಂದು ಪ್ಲೇಟು ತೆಗೆದುಕೊಟ್ಟರು. "ಈ ಸರದಿ ಕೊರಟಗೆರೆದು. ಆ ಮನೆಗೇ ಹೋಗ್ಲಿ. ಬಿಸಿಲಿಗೆ ಮಾತ್ರ ಇಡಬೇಡಿ ಅಂತ ಹೇಳಿ." ಓಬಳೇಶಪ್ಪ ನಕ್ಕ, ಕಣ್ಣು ಒರೆಸಿಕೊಂಡ.

ಮಧುಗಿರಿಯಲ್ಲಿ ಮನೆಗೆ ಹೋಗದೆ ಕೊರಟಗೆರೆ ಬಸ್ಸು ಹಿಡಿದೆ. ಸರೋಜಮ್ಮ ಬಾಗಿಲಲ್ಲೇ ಕೇಳಿದರು: "ಹಾಡ್ತಾ?"

"ಕೊನೇದು ಹಾಡ್ತಮ್ಮ. ಉಸಿರೂ ಕೇಳುಸ್ತು."

ಅವರು ಸೆರಗಿಗೆ ಕೈ ಒರೆಸಿಕೊಂಡು ಹೊಸ ಪ್ಲೇಟು ತೆಗೆದುಕೊಂಡರು. "ಹಂಗಾದ್ರೆ ಇದನ್ನ ಕೇಳಿ ನಾನು ಹೇಳ್ಬೇಕಾ?"

"ಹೇಳ್ಬೇಕಮ್ಮ."

"ಯಜಮಾನ್ರ ವರ್ಷ ಕಳೀಲಿ" ಎಂದರು.

ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಪ್ಲೇಟನ್ನು ಎದೆಗೊತ್ತಿ ಹಿಡಿದು, ಬಿಸಿಲು ಬೀಳುತ್ತಿದ್ದ ಜಗಲಿಯನ್ನು ಬಿಟ್ಟು ಅವರು ಒಳಗೆ ಹೋಗುತ್ತಿದ್ದರು.